ಹದಿನೆಂಟಕ್ಕೆ ಎಷ್ಟು?

ಆರು ಮುಖದ ಮೂರು ದಾಳ, ಒಂದು ಪೆನ್ಸಿಲ್, ಒಂದು ಹಾಳೆ. ಹಾಳೆಯ ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಆರು ಗುಣಗಳು: ಬಲ, ಚುರುಕು, ದೇಹದ ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದರ ಮುಂದೆಯೂ ಒಂದೊಂದು ಖಾಲಿ ಜಾಗ. ಮೂರು ದಾಳಗಳನ್ನು ಒಟ್ಟಿಗೆ ಉರುಳಿಸಿ, ಬಂದ ಅಂಕಿಗಳನ್ನು ಕೂಡಿಸಿ ಆ ಜಾಗ ತುಂಬಬೇಕು. ಕಡಿಮೆಯೆಂದರೆ 3, ಹೆಚ್ಚೆಂದರೆ 18. ಆರು ಸಲ ಉರುಳಿಸುವಷ್ಟರಲ್ಲಿ ಒಬ್ಬ ವೀರನೋ, ಮಾಂತ್ರಿಕನೋ, ಕಳ್ಳನೋ ಹುಟ್ಟಿರುತ್ತಾನೆ. ಅವನನ್ನು ಕರೆದುಕೊಂಡು ಗೆಳೆಯರ ಜತೆ ಘಟಸರ್ಪದ ಗುಹೆಗೆ ಹೊರಡಬಹುದು.

ಇಲ್ಲಿಯವರೆಗೆ ಎಲ್ಲವೂ ಸುಲಭ. ಆದರೆ ಈ ಆಟ ಕಲಿತವರಲ್ಲಿ ಬಹಳ ಮಂದಿಗೆ ಒಂದಲ್ಲ ಒಂದು ರಜೆಯ ಮಧ್ಯಾಹ್ನ ಒಂದು ತುಂಟ ಯೋಚನೆ ಹೊಳೆಯುತ್ತದೆ. ದಾಳಗಳನ್ನು ಪಕ್ಕಕ್ಕಿಟ್ಟು ಆ ಆರು ಜಾಗಗಳಲ್ಲಿ ತನ್ನದೇ ಅಂಕಿಗಳನ್ನು ಬರೆದರೆ ಹೇಗೆ? ಹೆಸರಿನ ಜಾಗದಲ್ಲಿ ಯಾವುದೋ ಕಾಲ್ಪನಿಕ ವೀರನ ಹೆಸರಲ್ಲ, ಹಾಜರಿ ಪುಸ್ತಕದಲ್ಲಿರುವ ಹೆಸರು. ಹೆಸರು ಬರೆಯುವವರೆಗೆ ಪೆನ್ಸಿಲ್ ಸರಾಗವಾಗಿ ಓಡುತ್ತದೆ. ಆಮೇಲೆ ನಿಲ್ಲುತ್ತದೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ‘ಸ್ಟ್ರೇಂಜರ್ ಥಿಂಗ್ಸ್’ ಎಂಬ 2016ರ ಧಾರಾವಾಹಿ ನೋಡಿದವರಿಗೆ ಗೊತ್ತಿರುತ್ತದೆ, ಅದರ ಮೊದಲ ಕಂತಿನಲ್ಲಿ ನಾಲ್ವರು ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಕೂತು ಕೂಗಾಡುತ್ತಾ ಆಡುವುದು ಇದನ್ನೇ. ಇದು ಹೊರಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಒಂದು ಪೆಟ್ಟಿಗೆಯೊಳಗೆ ಮೂರು ಪುಸ್ತಿಕೆಗಳು. ಮೊದಲ ಮುದ್ರಣ ಬರೇ ಸಾವಿರ ಪ್ರತಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು, ಮನೆಯಲ್ಲೇ ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದ ದಿನಗಳವು.

ಅದಕ್ಕೆ ಮೊದಲು ಇಂಥ ಹವ್ಯಾಸಿಗಳು ಆಡುತ್ತಿದ್ದುದು ಯುದ್ಧದಾಟ. ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರನ್ನು ಜೋಡಿಸಿ ಒಬ್ಬೊಬ್ಬ ಆಟಗಾರ ಒಂದೊಂದು ಸೈನ್ಯವನ್ನೇ ನಡೆಸುತ್ತಿದ್ದ. 1969ರಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ತಮ್ಮ ‘ಬ್ರೌನ್‌ಸ್ಟೈನ್’ ಎಂಬ ಆಟದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಸೈನ್ಯದ ಬದಲು ಒಬ್ಬೊಬ್ಬರಿಗೆ ಒಬ್ಬೊಬ್ಬ ಮನುಷ್ಯನನ್ನು ಕೊಟ್ಟರು: ನೀನು ಊರಿನ ಮೇಯರ್, ನೀನು ಬ್ಯಾಂಕಿನವ, ನೀನು ವಿಶ್ವವಿದ್ಯಾಲಯದ ಮುಖ್ಯಸ್ಥ. ಆ ಗುಂಪಿನಲ್ಲಿ ಅರ್ನೆಸನ್ ಕೂಡ ಇದ್ದರು. ಸೇನಾಪತಿ ಹೋಗಿ ಒಬ್ಬ ಬಿಡಿ ಮನುಷ್ಯ ಬಂದದ್ದೇ ತಡ, ‘ನನ್ನ ಸೈನ್ಯ ಗೆದ್ದಿತು’ ಎನ್ನುತ್ತಿದ್ದವರು ‘ನಾನು ಬಾಗಿಲು ತೆರೆಯುತ್ತೇನೆ’ ಎನ್ನತೊಡಗಿದರು. ಆಟದ ಇತಿಹಾಸವನ್ನು ಬಲ್ಲವರು ಪೆಟ್ಟಿಗೆ, ಪುಸ್ತಿಕೆ, ಮಾರಾಟಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಿಜವಾದ ಘಟನೆ ಆ ‘ನಾನು’ ಎಂಬ ಸಣ್ಣ ಪದ.

ಕರಾವಳಿಯ ತಾಳಮದ್ದಳೆ ನೋಡಿ ಬೆಳೆದವರಿಗೆ ಇದು ತೀರಾ ವಿಚಿತ್ರವೆನಿಸಲಾರದು. ಅಲ್ಲಿಯೂ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿ ಮಾತಿನಿಂದಲೇ ಕರ್ಣನಾಗುತ್ತಾನೆ. ಎದುರಿಗೆ ಕೂತವನು ಕೃಷ್ಣನಾಗಿ ಉತ್ತರ ಕೊಡುತ್ತಾನೆ. ಮಾತು ಆ ಹೊತ್ತಿಗೆ ಹೊಳೆದದ್ದು. ವ್ಯತ್ಯಾಸವಿಷ್ಟೇ, ಕರ್ಣನ ಗತಿ ಸಭೆಗೆಲ್ಲ ಮೊದಲೇ ಗೊತ್ತು. ಇಲ್ಲಿ ದಾಳ ನಿಲ್ಲುವವರೆಗೆ ಯಾರಿಗೂ ಗೊತ್ತಿಲ್ಲ.

ಇರಲಿ, ನಿಂತ ಪೆನ್ಸಿಲಿನ ವಿಷಯಕ್ಕೆ ಬರೋಣ. ಬಲದಿಂದ ಶುರುಮಾಡುವುದು ಕ್ಷೇಮ. ಏಕೆಂದರೆ ಅದಕ್ಕೆ ಅಳತೆಗೋಲಿದೆ. 1989ರಲ್ಲಿ ಬಂದ ಎರಡನೇ ಆವೃತ್ತಿಯ ನಿಯಮಪುಸ್ತಕದ ಪ್ರಕಾರ ಬಲ 10 ಇರುವವನು ತಲೆಯ ಮೇಲಕ್ಕೆ ಎತ್ತಬಲ್ಲ ಗರಿಷ್ಠ ಭಾರ 115 ಪೌಂಡು, ಅಂದರೆ ಸುಮಾರು 52 ಕಿಲೊ. ಒಂದು ಸಿಮೆಂಟ್ ಮೂಟೆಗಿಂತ ತುಸು ಹೆಚ್ಚು. ಮೂಟೆಯನ್ನು ಬೆನ್ನಿಗೆ ಹಾಕಿಕೊಳ್ಳುವುದಲ್ಲ, ಎರಡು ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿ ನಿಲ್ಲಬೇಕು! ಇದನ್ನು ಓದುವವರೆಗೆ ತನಗೆ ಧಾರಾಳವಾಗಿ 13 ಬರೆದುಕೊಂಡಿದ್ದ ಹುಡುಗ ಮೆಲ್ಲಗೆ ರಬ್ಬರ್ ಹುಡುಕುತ್ತಾನೆ. ಏಳೆಂಟಕ್ಕೆ ಬಂದು ನಿಂತರೆ ಅದೇ ದೊಡ್ಡದು.

ದಾಳದ ಗಣಿತವೂ ನಿಷ್ಠುರವಾದದ್ದು. ಮೂರು ದಾಳಗಳು ಬೀಳಬಹುದಾದ ರೀತಿಗಳು ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಒಂದು ರೀತಿಯಲ್ಲಿ, 3 ಬರುವುದೂ ಒಂದೇ. 9ರಿಂದ 12ರ ನಡುವೆ ಬರುವ ರೀತಿಗಳು 104, ಹೆಚ್ಚುಕಡಿಮೆ ಅರ್ಧ. 16 ಅಥವಾ ಅದಕ್ಕಿಂತ ಹೆಚ್ಚು ಬರುವುದು ಕೇವಲ ಹತ್ತರಲ್ಲಿ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಯಾವುದೇ ಒಂದು ಗುಣದಲ್ಲಿ 16 ದಾಟುವವರು ಸುಮಾರಾಗಿ ಇಬ್ಬರು. ಉಳಿದವರೆಲ್ಲ ನಡುವಿನ ಬೆಂಚಿನವರು. ತನ್ನ ಮಗ ಆ ಇಬ್ಬರಲ್ಲಿ ಒಬ್ಬ ಎಂದು ನಂಬಿರುವ ತಂದೆತಾಯಿಗಳು ಆ ತರಗತಿಗೆ ಎಪ್ಪತ್ತಾದರೂ ಇರುತ್ತಾರೆ.

ಅಮೆರಿಕದ ಆಟಗಾರರೂ ಇದನ್ನು ಸಹಿಸಲಿಲ್ಲ ಎಂಬುದೇ ತಮಾಷೆ. 1979ರಲ್ಲಿ ಬಂದ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಮೊದಲು ಸೂಚಿಸಿದ ವಿಧಾನವೇ ಬೇರೆ: ಮೂರರ ಬದಲು ನಾಲ್ಕು ದಾಳ ಹಾಕಿ, ಅತಿ ಕಡಿಮೆ ಬಂದದ್ದನ್ನು ಕೈಬಿಡಿ, ಬಂದ ಮೊತ್ತಗಳನ್ನು ಬೇಕಾದ ಗುಣಕ್ಕೆ ಹಂಚಿಕೊಳ್ಳಿ. ಇದರಿಂದ 18 ಬೀಳುವ ಸಂಭವ ಮೂರೂವರೆ ಪಟ್ಟಾಯಿತು. ಗ್ರೇಸ್ ಮಾರ್ಕ್ಸ್ ಎಂಬುದು ಪರೀಕ್ಷಾ ಮಂಡಲಿಗಳ ಸ್ವತ್ತೇನಲ್ಲ.

ಚುರುಕು ಮತ್ತು ತಾಳಿಕೆಗಳಿಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಕ್ಯಾಚ್ ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು, ಮಳೆಗಾಲ ಶುರುವಾದೊಡನೆ ಎಷ್ಟು ದಿನ ಮಲಗಿದ್ದು ಎಂದು ನೆನಪಿಸಿಕೊಂಡರೆ ಆಯಿತು. ಕಷ್ಟ ಶುರುವಾಗುವುದು ನಾಲ್ಕನೆಯದರಿಂದ.

ಬುದ್ಧಿಗೆ ಆಟಗಾರರ ನಡುವೆ ಒಂದು ಒರಟು ಲೆಕ್ಕ ಚಾಲ್ತಿಯಲ್ಲಿದೆ: ಐಕ್ಯು ಎಷ್ಟೋ ಅದನ್ನು ಹತ್ತರಿಂದ ಭಾಗಿಸಿ. ಐಕ್ಯು ಗೊತ್ತಿಲ್ಲದವರು ಮಾರ್ಕ್ಸ್ ಕಾರ್ಡ್ ತೆಗೆಯುತ್ತಾರೆ. ಶೇಕಡಾ 92 ಬಂದವನು 17 ಎಂದು ಬರೆದು ತೃಪ್ತನಾಗುತ್ತಾನೆ. ಸರಿ, ಒಪ್ಪೋಣ. ಆದರೆ ಕೆಳಗಿನ ಸಾಲಿನಲ್ಲಿ ವಿವೇಕ ಕಾದು ಕೂತಿದೆ. ಆಟ ರಚಿಸಿದವರು ಮಾಡಿದ ಅತ್ಯಂತ ಜಾಣ ಕೆಲಸವೆಂದರೆ ಬುದ್ಧಿ ಮತ್ತು ವಿವೇಕಗಳನ್ನು ಎರಡು ಬೇರೆ ಬೇರೆ ಸಾಲುಗಳಲ್ಲಿ, ಅಷ್ಟೇ ಅಗಲದ ಜಾಗ ಕೊಟ್ಟು ಕೂರಿಸಿದ್ದು. ಮಂತ್ರಗಳನ್ನು ಕಲಿತು ನೆನಪಿಟ್ಟುಕೊಳ್ಳುವ ಮಾಂತ್ರಿಕನಿಗೆ ಬುದ್ಧಿ ಬೇಕು. ಗಾಯಾಳುಗಳಿಗೆ ಶುಶ್ರೂಷೆ ಮಾಡುವ ಪುರೋಹಿತನಿಗೆ ಬೇಕಾದದ್ದು ವಿವೇಕ. ಒಂದು ಇದ್ದರೆ ಇನ್ನೊಂದೂ ಇರಲೇಬೇಕೆಂದು ಎಲ್ಲೂ ಇಲ್ಲ; ಎರಡಕ್ಕೂ ದಾಳವನ್ನು ಬೇರೆಬೇರೆಯಾಗಿಯೇ ಹಾಕಬೇಕು.

ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದಿ, ಬೆಳಿಗ್ಗೆ ಹಾಲ್ ಟಿಕೆಟ್ ಮನೆಯಲ್ಲೇ ಬಿಟ್ಟು ಓಡುವ ಹುಡುಗನಿಗೆ ಬುದ್ಧಿ 16 ಕೊಡಬಹುದು, ವಿವೇಕ 7ರ ಮೇಲೆ ಕೊಡುವುದು ಕಷ್ಟ. ಅದೇ ಮನೆಯಲ್ಲಿ, ಮೂರನೇ ತರಗತಿಗೇ ಶಾಲೆ ಬಿಟ್ಟ ಅಜ್ಜಿಯೊಬ್ಬರಿರಬಹುದು. ಸೊಸೆ ಮೂರು ದಿನದಿಂದ ಏಕೆ ಸಪ್ಪಗಿದ್ದಾಳೆಂದು ಕೇಳದೆಯೇ ತಿಳಿದುಕೊಂಡು, ಯಾರಿಗೂ ಗೊತ್ತಾಗದಂತೆ ಸರಿಪಡಿಸಿಬಿಡುವವರು. ಅವರ ಹಾಳೆಯಲ್ಲಿ ಐದನೇ ಸಾಲಿಗೆ 17 ಬರೆಯದೆ ಗತ್ಯಂತರವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಾಗಲಿ ಪಿಯುಸಿಯಲ್ಲಾಗಲಿ ಆ 17ಕ್ಕೆ ಕಾಲಂ ಇಲ್ಲ. ಕನ್ನಡ, ಗಣಿತ, ವಿಜ್ಞಾನ, ಸಮಾಜ... ಅಲ್ಲಿ ಮುಗಿಯಿತು.

ಆರನೆಯದಾದ ವರ್ಚಸ್ಸು ಇನ್ನೂ ಪೇಚಿನದು. ನಾಲ್ಕು ಜನ ತನ್ನ ಮಾತು ಕೇಳುತ್ತಾರೆಯೇ, ಕತ್ತಲ ಗುಹೆಗೆ ತನ್ನ ಹಿಂದೆ ಬರುತ್ತಾರೆಯೇ ಎಂಬುದು ಅದರ ಅರ್ಥ. ಇದನ್ನು ತಾನೇ ಬರೆದುಕೊಳ್ಳಲು ಬರುವುದಿಲ್ಲ. ಉಳಿದವರನ್ನೇ ಕೇಳಬೇಕು. ಇದನ್ನೇ ಮಾಡಿದ ಆಟವೂ ಒಂದಿದೆ. 1979ರಲ್ಲಿ ಜೆಫ್ ಡೀ ಮತ್ತು ಜ್ಯಾಕ್ ಹರ್ಮನ್ ಪ್ರಕಟಿಸಿದ ‘ವಿಲನ್ಸ್ ಅಂಡ್ ವಿಜಿಲಾಂಟೀಸ್’ನಲ್ಲಿ ಆಟಗಾರನ ಪಾತ್ರ ಬೇರೆ ಯಾರೂ ಅಲ್ಲ, ಅವನೇ. ಅತಿಮಾನುಷ ಶಕ್ತಿಗಳಷ್ಟೇ ದಾಳದಿಂದ ಬರುತ್ತವೆ. ಅವನ ಬಲವೆಷ್ಟು, ಬುದ್ಧಿಯೆಷ್ಟು, ವರ್ಚಸ್ಸೆಷ್ಟು ಎಂಬುದನ್ನು ಆಟ ನಡೆಸುವವನು ಅವನನ್ನೇ ಎದುರಿಗೆ ಕೂರಿಸಿಕೊಂಡು ಅಂದಾಜು ಮಾಡಬೇಕು. ಹದಿನೈದು ವರ್ಷದ ನಾಲ್ವರು ಗೆಳೆಯರು ಒಂದು ಮೇಜಿನ ಸುತ್ತ ಕೂತು ಒಬ್ಬನಿಗೆ ‘ವರ್ಚಸ್ಸು 8’ ಎಂದು ತೀರ್ಪು ಕೊಡುವ ದೃಶ್ಯವನ್ನು ಕಲ್ಪಿಸಿಕೊಂಡರೆ, ಘಟಸರ್ಪದ ಗುಹೆಯೇ ವಾಸಿ ಅನ್ನಿಸುತ್ತದೆ. ಆದರೂ ಇಂಥ ಮೇಜುಗಳಲ್ಲಿ ಆಗುವ ಇನ್ನೊಂದು ಸಂಗತಿಯೂ ಉಂಟು. ತನಗೆ ತಾನೇ 8 ಕೊಟ್ಟುಕೊಂಡಿದ್ದವನಿಗೆ ಉಳಿದವರು ‘ಇಲ್ಲ ಕಣೋ, ನಿಂದು 13’ ಎನ್ನುವುದು. ಎಷ್ಟೋ ವರ್ಷ ಒಂದೇ ಬೆಂಚಿನಲ್ಲಿ ಕೂತರೂ ಇಂಥ ಮಾತು ಹೇಳಲು ಹುಡುಗರಿಗೆ ಬೇರೆ ನೆಪವೇ ಸಿಗುವುದಿಲ್ಲ.

ಅಂಕಿಗಳಾದ ಮೇಲೆ ಸ್ವಭಾವ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಮನುಷ್ಯ ಸ್ವಭಾವವನ್ನು ಒಂಬತ್ತು ಮನೆಗಳಾಗಿ ಹಂಚುತ್ತದೆ. ಒಂದು ದಿಕ್ಕಿಗೆ ಒಳಿತು, ಕೆಡುಕು. ಇನ್ನೊಂದು ದಿಕ್ಕಿಗೆ ಕಟ್ಟುಪಾಡು, ಸ್ವೇಚ್ಛೆ. ಎರಡರ ನಡುವೆಯೂ ತಟಸ್ಥ. ಮಹಾಭಾರತ ಓದಿದವರು ಇದನ್ನು ಸುಲಭವಾಗಿ ಆಡಬಹುದು. ಧರ್ಮರಾಯನಿಗೆ ಯಾವ ಮನೆ, ಶಕುನಿಗೆ ಯಾವ ಮನೆ ಎಂದು ಥಟ್ಟನೆ ಹೇಳಿಬಿಡಬಹುದು. ಕರ್ಣನ ಸರದಿ ಬಂದಾಗ ಜಗಳ ಶುರುವಾಗುತ್ತದೆ. ತನ್ನ ಸರದಿ ಬಂದಾಗ ಮಾತ್ರ ಯಾರಿಗೂ ಅನುಮಾನವಿಲ್ಲ. ಎಲ್ಲರೂ ಒಳಿತಿನ ಸಾಲಿಗೇ ಸೇರಿದವರು! ಪೊಲೀಸರಿಲ್ಲದ ಸಿಗ್ನಲ್ಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಕೂಟರ್ ನಿಲ್ಲಿಸದವನೂ ಕಟ್ಟುಪಾಡಿನ ಮನೆಯಲ್ಲೇ ಹೆಸರು ಬರೆಯುತ್ತಾನೆ. ಪುಸ್ತಕ ಇದನ್ನು ಊಹಿಸಿತ್ತು. ಬರೆದುಕೊಂಡ ಸ್ವಭಾವವನ್ನು ನಂಬಬೇಡಿ, ಆಟದಲ್ಲಿ ಅವನು ಮಾಡುವ ಕೆಲಸಗಳನ್ನು ಗಮನಿಸುತ್ತಾ ಬನ್ನಿ, ಹೊಂದದಿದ್ದರೆ ಮನೆ ಬದಲಿಸಿ ಎಂಬರ್ಥದ ಅಧಿಕಾರವನ್ನು ಆಟ ನಡೆಸುವವನಿಗೆ ಕೊಟ್ಟಿತ್ತು.

ಹೀಗೆ ಪ್ರಾಮಾಣಿಕವಾಗಿ ತುಂಬಿದ ಹಾಳೆ ಹಿಡಿದು ಗುಹೆಗೆ ಹೊರಟವನ ಗತಿ ಏನು? ಬಹುಬೇಗ ಸಾಯುತ್ತಾನೆ. ಆ ಕಾಲದ ನಿಯಮದಂತೆ ಹೊಸ ಮಾಂತ್ರಿಕನಿಗೆ ಇರುವ ಜೀವದ ಅಂಕಗಳು ಒಂದರಿಂದ ನಾಲ್ಕು. ಒಂದು ಬಾಣದ ಪೆಟ್ಟು ಒಂದರಿಂದ ಆರು. ಓದುಬರಹ ಬಲ್ಲ, ಸಿಮೆಂಟ್ ಮೂಟೆ ಎತ್ತಲಾರದ ಹುಡುಗ ಎರಡನೇ ಬಾಗಿಲು ದಾಟುವುದು ಅಪರೂಪ. ತನ್ನ ಹೆಸರಿನ ಹಾಳೆಯ ಮೇಲೆ ‘ಸತ್ತ’ ಎಂದು ಬರೆದು, ಚಹಾ ಕುಡಿದು, ಹೊಸ ಹಾಳೆ ತೆಗೆದುಕೊಳ್ಳುವುದು ಒಂದು ವಿಚಿತ್ರ ಅನುಭವ. ಬಲ 17ರ ಮಲ್ಲನಿಗೆ ಒಂದು ದಿನವಾದರೂ ಮಾಂತ್ರಿಕನ ಆಸರೆ ಬೇಕಾಗುತ್ತದೆ, ಬೀಗ ತೆಗೆಯಲು ಕಳ್ಳನೇ ಬರಬೇಕಾಗುತ್ತದೆ ಎಂಬುದನ್ನೂ ಆ ಗುಹೆಯಲ್ಲೇ ಕಲಿಯುವುದು.

ಇಲ್ಲಿ ಪೋಷಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಪಾತ್ರದೊಳಗೆ ಹೊಕ್ಕ ಹುಡುಗ ಅಲ್ಲೇ ಉಳಿದುಬಿಟ್ಟರೆ? ಇದೇ ಭಯ ಒಮ್ಮೆ ಅಮೆರಿಕವನ್ನೆಲ್ಲ ಅಲ್ಲಾಡಿಸಿತು. 1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೇಮ್ಸ್ ಡಲ್ಲಾಸ್ ಎಗ್ಬರ್ಟ್ ಕಾಣೆಯಾದ. ವಯಸ್ಸು ಹದಿನಾರು. ಆ ವಯಸ್ಸಿಗೇ ಕಂಪ್ಯೂಟರ್ ವಿಜ್ಞಾನ ಓದಲು ವಿಶ್ವವಿದ್ಯಾಲಯ ಸೇರಿದ್ದ ಅಸಾಮಾನ್ಯ ಜಾಣ. ಅವನು ಈ ಆಟ ಆಡುತ್ತಿದ್ದುದು ಗೊತ್ತಾಯಿತು. ಕುಟುಂಬದವರು ನೇಮಿಸಿದ ಖಾಸಗಿ ಪತ್ತೇದಾರ ವಿಲಿಯಂ ಡಿಯರ್, ಹುಡುಗ ಆಟವಾಡುತ್ತಾ ವಿಶ್ವವಿದ್ಯಾಲಯದ ನೆಲದಡಿಯ ಹಬೆ ಕೊಳವೆಗಳ ಸುರಂಗದಲ್ಲಿ ಕಳೆದುಹೋಗಿರಬಹುದೆಂದು ಊಹಿಸಿದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಆಟವೇ ಹುಡುಗನನ್ನು ನುಂಗಿತೆಂಬ ಸುದ್ದಿ ದೇಶವೆಲ್ಲ ಹಬ್ಬಿತು. (ಆಟದ ಮಾರಾಟ ಜೋರಾಗಿ ಏರಿತು ಎಂಬುದು ಬೇರೆ ಮಾತು.) ಇದೇ ಎಳೆ ಹಿಡಿದು 1981ರಲ್ಲಿ ಕಾದಂಬರಿ ಬಂತು, 1982ರಲ್ಲಿ ತರುಣ ಟಾಮ್ ಹ್ಯಾಂಕ್ಸ್ ನಟಿಸಿದ ಟಿ.ವಿ. ಚಿತ್ರವೂ ಬಂತು.

ಹುಡುಗ ಒಂದು ತಿಂಗಳ ಬಳಿಕ ದೂರದ ಲೂಸಿಯಾನದಲ್ಲಿ ಜೀವಂತ ಸಿಕ್ಕಿದ್ದ. ಅವನು ಸುರಂಗಕ್ಕೆ ಇಳಿದದ್ದು ನಿಜ, ಆದರೆ ಆಟಕ್ಕಾಗಿ ಅಲ್ಲ, ಬದುಕೇ ಬೇಡವೆನಿಸಿ. ಓದಿನ ಒತ್ತಡ, ತನಗಿಂತ ದೊಡ್ಡವರ ನಡುವಿನ ಒಂಟಿತನ, ಖಿನ್ನತೆ, ಮಾದಕವಸ್ತು ಇವೆಲ್ಲ ಅದರ ಹಿಂದಿದ್ದವು ಎಂಬುದನ್ನು ಡಿಯರ್ 1984ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅಷ್ಟರಲ್ಲಿ ತಡವಾಗಿತ್ತು. 1980ರ ಆಗಸ್ಟ್‌ನಲ್ಲಿ, ಹದಿನೆಂಟು ತುಂಬುವ ಮೊದಲೇ, ಅವನು ತನ್ನ ಜೀವವನ್ನು ತಾನೇ ತೆಗೆದುಕೊಂಡ. ಅವನ ಹಾಳೆಯಲ್ಲಿ ಬುದ್ಧಿಗೆ 18 ಎಂದು ಯಾರಾದರೂ ಕಣ್ಣುಮುಚ್ಚಿ ಬರೆಯುತ್ತಿದ್ದರು. ಉಳಿದ ಐದು ಸಾಲುಗಳನ್ನು ಸಕಾಲದಲ್ಲಿ ಯಾರಾದರೂ ವಿಚಾರಿಸಿದಂತೆ ಕಾಣುವುದಿಲ್ಲ.

ಅದೇ ವರ್ಷಗಳಲ್ಲಿ ಟೆಕ್ಸಾಸಿನಲ್ಲಿ ಇನ್ನೊಬ್ಬ ಹುಡುಗನಿಗೂ ಇದೇ ಆಟದ ಹುಚ್ಚು ಹಿಡಿದಿತ್ತು. ಹೆಸರು ರಿಚರ್ಡ್ ಗ್ಯಾರಿಯಟ್. ತಂದೆ ಓವೆನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬ್‌ನಲ್ಲಿ ಸುಮಾರು ಎರಡು ತಿಂಗಳು ಕಳೆದ ಗಗನಯಾತ್ರಿ. ಹುಡುಗ ಪ್ರೌಢಶಾಲೆಯ ಟೆಲಿಟೈಪ್ ಯಂತ್ರದಲ್ಲಿ ಈ ಆಟವನ್ನು ಕಂಪ್ಯೂಟರಿಗೆ ಇಳಿಸಲು ಕೂತ. ಪರದೆಯಿಲ್ಲ, ಕಾಗದದ ಮೇಲೆ ಅಕ್ಷರಗಳೇ ಗೋಡೆ, ಅಕ್ಷರಗಳೇ ರಾಕ್ಷಸ. ಒಂದಾದ ಮೇಲೊಂದು ಇಪ್ಪತ್ತೆಂಟು ಪ್ರಯತ್ನ. ಕೊನೆಯದು ಸರಿಯಾಗಿ ಓಡಿದರೆ ‘ಆಪಲ್ 2’ ಕಂಪ್ಯೂಟರಿನ ಅರ್ಧ ಬೆಲೆ ತಾನು ಕೊಡುವುದಾಗಿ ತಂದೆ ಒಪ್ಪಂದ ಮಾಡಿಕೊಂಡರು. ಓಡಿತು. ‘ಅಲ್ಟಿಮಾ’ ಎಂಬ ಪ್ರಸಿದ್ಧ ಆಟಗಳ ಸರಣಿ ಹುಟ್ಟಿದ್ದು ಅಲ್ಲಿಂದ.

ಗ್ಯಾರಿಯಟ್ ತನ್ನನ್ನೂ ಆ ಲೋಕದೊಳಗೆ ಬರೆದುಕೊಂಡ. ಕನಿಷ್ಠ ಏನಾಗಿ? ರಾಜನಾಗಿ! ‘ಲಾರ್ಡ್ ಬ್ರಿಟಿಷ್’ ಎಂದು ಹೆಸರು. ಅವನಿಗೆ ಸಾವೇ ತಟ್ಟದಂತೆ ಪ್ರೋಗ್ರಾಂನಲ್ಲಿ ಏರ್ಪಾಡು. 1997ರ ಆಗಸ್ಟ್‌ನಲ್ಲಿ ‘ಅಲ್ಟಿಮಾ ಆನ್‌ಲೈನ್’ ಪರೀಕ್ಷಾರ್ಥ ನಡೆಯುತ್ತಿದ್ದಾಗ ರಾಜಸಭೆಯ ನಡುವೆ, ಆ ಏರ್ಪಾಡನ್ನು ಮತ್ತೆ ಚಾಲೂ ಮಾಡಲು ಮರೆತದ್ದರಿಂದ, ಯಾವನೋ ಆಟಗಾರ ಎಸೆದ ಬೆಂಕಿಯ ಮಂತ್ರಕ್ಕೆ ರಾಜರು ಸ್ಥಳದಲ್ಲೇ ಅಸುನೀಗಿದರು.

ಆದರೆ ಗ್ಯಾರಿಯಟ್ ಮಾಡಿದ ದೊಡ್ಡ ಕೆಲಸ 1985ರ ‘ಅಲ್ಟಿಮಾ 4’. ಹಿಂದಿನ ಆಟಗಳಲ್ಲಿ ಆಟಗಾರರು ಗೆಲ್ಲುವುದಕ್ಕಾಗಿ ಅಂಗಡಿ ದೋಚಿ, ಪಾಪದ ಊರವರನ್ನು ಕೊಂದು ಮುಂದೆ ಹೋಗುವುದನ್ನು ಅವರು ಗಮನಿಸಿದ್ದರು. ಹಾಗಾಗಿ ಇದರಲ್ಲಿ ಕೊಲ್ಲಬೇಕಾದ ಮಹಾಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಿ ‘ಅವತಾರ್’ ಆಗಬೇಕು. ಪದ ಸಂಸ್ಕೃತದ್ದೇ. ಆಡುವವನು ಬೇರೊಬ್ಬನಾಗಿ ಅಲ್ಲ, ತಾನು ತಾನಾಗಿಯೇ ಆ ಲೋಕಕ್ಕೆ ಇಳಿಯುತ್ತಾನೆ ಎಂಬುದು ಅದರ ಹಿಂದಿನ ಕಲ್ಪನೆ.

ಆದ್ದರಿಂದ ಇಲ್ಲಿ ದಾಳವಿಲ್ಲ. ಜಾತ್ರೆಯ ಬಂಡಿಯೊಂದರಲ್ಲಿ ಕಣಿ ಹೇಳುವ ಹೆಂಗಸು ಏಳು ಪ್ರಶ್ನೆ ಕೇಳುತ್ತಾಳೆ. ಎಣಿಸದ ನಾಣ್ಯಗಳ ಚೀಲವೊಂದನ್ನು ತಲುಪಿಸಲು ಒಪ್ಪಿಕೊಂಡಿದ್ದೀಯೆ, ದಾರಿಯಲ್ಲಿ ಹಸಿದ ಭಿಕ್ಷುಕ ಸಿಕ್ಕಿದ. ಚೀಲವನ್ನು ಹಾಗೇ ತಲುಪಿಸುವೆಯೋ, ಒಂದು ನಾಣ್ಯ ಅವನಿಗೆ ಕೊಡುವೆಯೋ ಎಂಬಂಥವು. ತಪ್ಪು ಉತ್ತರವೆಂಬುದಿಲ್ಲ. ಎರಡೂ ಒಳ್ಳೆಯವೇ, ಯಾವುದು ಹೆಚ್ಚು ಎಂಬುದಷ್ಟೇ. ನಾಕೌಟ್ ಪಂದ್ಯಗಳಂತೆ ಎಂಟು ಗುಣಗಳು ಜೋಡಿಜೋಡಿಯಾಗಿ ಎದುರಾಗಿ, ಏಳು ಉತ್ತರಗಳು ಮುಗಿಯುವಷ್ಟರಲ್ಲಿ ಒಂದು ಉಳಿಯುತ್ತದೆ. ಆಡುವವನು ಯಾರೆಂಬುದು ಅದರಿಂದ ತೀರ್ಮಾನ. ಶೌರ್ಯ ಉಳಿದರೆ ಯೋಧ, ಪ್ರಾಮಾಣಿಕತೆ ಉಳಿದರೆ ಮಾಂತ್ರಿಕ, ಕರುಣೆ ಉಳಿದರೆ ಹಾಡುಗಾರ.

ಮುಂದೆ ಆಟದೊಳಗೆ ಮೂಲಿಕೆ ಮಾರುವ ಕುರುಡಿಯೊಬ್ಬಳು ಎದುರಾಗುತ್ತಾಳೆ. ಬೆಲೆ ಹೇಳುತ್ತಾಳೆ. ಎಷ್ಟು ಕೊಡುತ್ತೀರೆಂದು ಆಡುವವನೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೂ ಅವಳಿಗೆ ಕಾಣದು. ವಂದಿಸಿ ಸರಕು ಕೊಡುತ್ತಾಳೆ. ಗಂಟೆ ಬಾರಿಸುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಒಳಗೆಲ್ಲೋ ಪ್ರಾಮಾಣಿಕತೆಯ ಅಂಕಿ ಇಳಿಯುತ್ತದೆ, ಅಷ್ಟೇ. ಎಷ್ಟೋ ಹೊತ್ತಿನ ಬಳಿಕ ಅರಮನೆಯ ಮುನಿ ಹಾಕ್‌ವಿಂಡ್ ಬಳಿ ಹೋಗಿ ಕೇಳಿದಾಗ ಗೊತ್ತಾಗುತ್ತದೆ.

ಕಣಿಯವಳ ಮುಂದೆ ವಿನಯವೇ ಉಳಿದವನ ಪಾಡು ಬೇರೆ. ಅವನು ಕುರಿಗಾಹಿಯಾಗುತ್ತಾನೆ. ಎಂಟರಲ್ಲಿ ಅತ್ಯಂತ ದುರ್ಬಲ ಪಾತ್ರ ಅದು. ಮಂತ್ರಶಕ್ತಿ ಸೊನ್ನೆ. ಅವನು ಕಣ್ಣು ಬಿಡುವುದು ಮಜಿನ್ಸಿಯಾ ಎಂಬ ಹಾಳೂರಿನಲ್ಲಿ, ಅಹಂಕಾರದಿಂದ ನಾಶವಾಗಿ ಈಗ ಪ್ರೇತಗಳಷ್ಟೇ ತಿರುಗಾಡುವ ಜಾಗದಲ್ಲಿ. ಜತೆಗೆ ಯಾರೂ ಇಲ್ಲ. ಒಮ್ಮೆ ಅಲ್ಲಿಗೆ ಹೋಗಿ ಬಂದವರಲ್ಲಿ ಕೆಲವರು ಕಂಪ್ಯೂಟರ್ ಆರಿಸಿ ಹೊಸದಾಗಿ ಶುರುಮಾಡುತ್ತಿದ್ದರು. ಕಣಿಯವಳು ಅವೇ ಬಗೆಯ ಏಳು ಪ್ರಶ್ನೆಗಳನ್ನು ಕೇಳುತ್ತಿದ್ದಳು. ಈ ಸಲ ವಿನಯ ಎದುರಾದಾಗಲೆಲ್ಲ ಅವರು ಇನ್ನೊಂದು ಉತ್ತರದ ಕೀಲಿ ಒತ್ತುತ್ತಿದ್ದರು.